ಮಾನವ ವರ್ತನೆ ಮತ್ತು ಸಾಮಾಜಿಕ ಪರಿಸರ: ಕೋಲಾರ ಕಡೆಯ ಎಂ.ಎಸ್.ಡಬ್ಲ್ಯು ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಎಂ.ಎಸ್.ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮೊದಲ ಸೆಮಿಸ್ಟರ್ ಶುರುವಾಗಿ ಎರಡು ವಾರ ಆಗುವಷ್ಟರಲ್ಲಿ "ಮಾನವ ವರ್ತನೆ ಮತ್ತು ಸಾಮಾಜಿಕ ಪರಿಸರ" ಎಂಬ ಪೇಪರಿನ ಬಗ್ಗೆ ಇದೇ ಪ್ರಶ್ನೆಗಳು ಬರುತ್ತವೆ. ಕೆಲವು ತರಗತಿಯಲ್ಲಿ, ಕೆಲವು ಫೀಲ್ಡ್ ವರ್ಕ್ ಮುಗಿಸಿ ಬಸ್ಸಿಗೆ ಕಾಯುವಾಗ, ಕೆಲವು ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲಿ. ಕೋಲಾರ, ಚಿಕ್ಕಬಳ್ಳಾಪುರದ ವಿದ್ಯಾರ್ಥಿಗಳಿಗೆ ಫೀಲ್ಡ್ ವರ್ಕ್ ಮಾಡಿಸುತ್ತಾ ನಾನು ಕೊಟ್ಟ ಉತ್ತರಗಳನ್ನು ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಮಧ್ಯೆ ಬರುವ ಮನೆಗಳ, ಮಕ್ಕಳ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಇದು ಸೈಕಾಲಜಿನೇ ಅಲ್ವಾ? ಬೇರೆ ಪೇಪರ್ ಯಾಕೆ?

ಸೈಕಾಲಜಿ ಇದರೊಳಗೆ ಇದೆ. ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಒಂದು ಘಟನೆ ಹೇಳುತ್ತೇನೆ.

ಮುಳಬಾಗಿಲು ಕಡೆಯ ಒಂದು ಹೈಸ್ಕೂಲಿಗೆ ಹೋಗಿದ್ದ ನಮ್ಮ ವಿದ್ಯಾರ್ಥಿನಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ಬಗ್ಗೆ ಬರೆದುಕೊಂಡು ಬಂದಳು. "ಮುಖ ಕೊಟ್ಟು ಮಾತಾಡಲ್ಲ. ಬಾಯಿಗೆ ವೇಲ್ ಅಡ್ಡ ಹಿಡಿದುಕೊಂಡೇ ಇರುತ್ತಾಳೆ. ಆತ್ಮವಿಶ್ವಾಸ ಕಡಿಮೆ. ಕೌನ್ಸೆಲಿಂಗ್ ಬೇಕು." ವೇಲ್ ತೆಗೆದಾಗ ಏನು ಕಾಣಿಸಿತು ಎಂದು ಕೇಳಿದೆ. ಅವಳು ನೋಡಿರಲಿಲ್ಲ. ಮುಂದಿನ ವಾರ ಇಬ್ಬರೂ ಹೋದೆವು. ಬಿಸಿಯೂಟದ ಹೊತ್ತು. ಎಲ್ಲರೂ ಸಾಲಾಗಿ ಎದುರುಬದುರು ಕೂತಿದ್ದರೆ, ಈ ಹುಡುಗಿ ತಟ್ಟೆ ಹಿಡಿದುಕೊಂಡು ಗೋಡೆ ಕಡೆ ತಿರುಗಿ ಕೂತಿದ್ದಳು. ಪಕ್ಕದ ಗೆಳತಿ ಏನೋ ಹೇಳಿದಾಗ ಒಂದು ಸಲ ನಕ್ಕಳು. ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ, ಅಲ್ಲಲ್ಲಿ ಸುಣ್ಣ ಮೆತ್ತಿದ ಹಾಗೆ ಬಿಳಿ ಮಚ್ಚೆ. ನಕ್ಕ ಮರುಕ್ಷಣವೇ ಕೈ ಬಾಯಿಗೆ ಹೋಯಿತು.

ಅದು ಫ್ಲೋರೋಸಿಸ್. ಹಲ್ಲು ದವಡೆಯ ಒಳಗೆ ರೂಪ ಪಡೆಯುವ ಎಳೆ ವಯಸ್ಸಿನಲ್ಲಿ ಕುಡಿದ ನೀರಿನ ಗುರುತು. ಒಂದು ಲೀಟರ್ ನೀರಲ್ಲಿ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇರಬಾರದು. ವರ್ಷವಿಡೀ ಹರಿಯುವ ನದಿ ಇಲ್ಲದ ನಮ್ಮ ಜಿಲ್ಲೆಗಳಲ್ಲಿ ಕೆರೆ ಬತ್ತಿತು, ತೆರೆದ ಬಾವಿ ಬತ್ತಿತು, ಬೋರ್‌ವೆಲ್ ಸಾವಿರ ಅಡಿ ದಾಟಿತು. ಆಳದ ಕಲ್ಲಿನ ಮಧ್ಯದಿಂದ ಬಂದ ನೀರು ಫ್ಲೋರೈಡನ್ನೂ ಹೊತ್ತು ತಂದಿತು. ಆ ಹುಡುಗಿ ಮೂರು ನಾಲ್ಕು ವರ್ಷದವಳಿದ್ದಾಗ ಕುಡಿದ ನೀರಿನ ಕಲೆ ಹದಿನಾಲ್ಕಕ್ಕೆ ಅವಳ ನಗು ನಿಲ್ಲಿಸಿದೆ. "ಗಂಡಿನ ಕಡೆಯವರು ಬಂದಾಗ ಬಾಯಿ ಬಿಡಬೇಡ" ಎಂದು ಮನೆಯಲ್ಲಿ ಅಕ್ಕನಿಗೆ ಹೇಳಿದ್ದನ್ನು ಇವಳು ಕೇಳಿಸಿಕೊಂಡಿದ್ದಳು.

ಈಗ ಹೇಳಿ, ಇದು ದೇಹದ ವಿಷಯವಾ, ಮನಸ್ಸಿನದಾ, ಮದುವೆ ಮಾರುಕಟ್ಟೆಯದಾ, ಅಂತರ್ಜಲದ್ದಾ? ಬಿಡಿಸಿ ಇಡಲು ಹೋದರೆ ಹುಡುಗಿ ಕೈತಪ್ಪಿ ಹೋಗುತ್ತಾಳೆ. ಎಲ್ಲವನ್ನೂ ಒಟ್ಟಿಗೆ ಹಿಡಿದು ನೋಡುವುದನ್ನು ಕಲಿಸುವ ಪೇಪರ್ ಇದು. ಬರೀ ಕೌನ್ಸೆಲಿಂಗ್ ಮಾಡಿದ್ದರೆ, ತಪ್ಪು ಅವಳ ಮನಸ್ಸಲ್ಲೇ ಇದೆ ಎಂದು ನಾವೇ ಅವಳಿಗೆ ಹೇಳಿದ ಹಾಗಾಗುತ್ತಿತ್ತು. ನಾವು ಮಾಡಿದ್ದು ಬೇರೆ. ಇದು ಯಾರ ತಪ್ಪೂ ಅಲ್ಲ, ನೀರಿನದು ಎಂದು ಇಡೀ ತರಗತಿಗೆ ಹೇಳಿದೆವು. ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದೆವು. ಅವಳ ಮನೆಗೆ ಹೋಗಿ ತಮ್ಮನಿಗೆ ಯಾವ ನೀರು ಕುಡಿಸುತ್ತಾರೆ ಎಂದು ಕೇಳಿದೆವು. ಶುದ್ಧ ನೀರಿನ ಘಟಕ ಊರಲ್ಲಿತ್ತು. ಆದರೆ ಕ್ಯಾನ್ ಹೊತ್ತು ತರುವವರು ಮನೆಯಲ್ಲಿ ಇರಲಿಲ್ಲ, ಎಲ್ಲರೂ ಬೆಳಿಗ್ಗೆ ಆರಕ್ಕೇ ಕೂಲಿಗೆ. ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.

ಈ ತರ ನೋಡೋದು ಯಾವಾಗಿಂದ ಬಂತು?

ಅಮೆರಿಕದ ಸಮಾಜಕಾರ್ಯಕರ್ತೆ ಮೇರಿ ರಿಚ್ಮಂಡ್ 1917ರಲ್ಲೇ ಇದನ್ನು ವಿವರವಾಗಿ ಬರೆದರು. ಒಬ್ಬರ ಕಷ್ಟವನ್ನು ಅವರ ಮನೆ, ಕೆಲಸ, ನೆರೆಹೊರೆಯ ಜೊತೆ ಇಟ್ಟೇ ನೋಡಬೇಕು ಎಂದರು. 1977ರಲ್ಲಿ ಜಾರ್ಜ್ ಎಂಗೆಲ್ ಎಂಬ ವೈದ್ಯರು ಕಾಯಿಲೆಯನ್ನೂ ದೇಹ, ಮನಸ್ಸು, ಸಮಾಜ ಮೂರನ್ನೂ ಸೇರಿಸಿ ನೋಡಿ ಎಂದರು. ನಮ್ಮ ದೇಶದಲ್ಲಿ ಸಮಾಜಕಾರ್ಯ ಕಲಿಸುವ ಮೊದಲ ಶಾಲೆ ಮುಂಬೈಯಲ್ಲಿ 1936ರಲ್ಲಿ ಶುರುವಾಯಿತು, ಇವತ್ತಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ಪರೀಕ್ಷೆಗೆ ಇಷ್ಟು ಸಾಕು.

ಬ್ರಾನ್‌ಫೆನ್‌ಬ್ರೆನ್ನರ್ ವೃತ್ತಗಳು ತಲೆಗೆ ಹೋಗ್ತಿಲ್ಲ. ಮೈಕ್ರೋ, ಮೀಸೋ, ಎಕ್ಸೋ ಎಲ್ಲಾ ಕಲಸಿಹೋಗುತ್ತೆ.

ಮಗುವಿನ ಸುತ್ತಲಿನ ಪರಿಸರವನ್ನು ಒಂದರ ಸುತ್ತ ಒಂದು ವೃತ್ತವಾಗಿ ತೋರಿಸಿದ ಮನಶ್ಶಾಸ್ತ್ರಜ್ಞ ಇವರು. ಎಲ್ಲರಿಗೂ ಕಲಸಿಹೋಗುತ್ತದೆ, ಯಾಕೆಂದರೆ ಬೋರ್ಡ್ ಮೇಲೆ ವೃತ್ತ ಬರೆದು ಒಳಗೆ ಹೆಸರು ತುಂಬಿ ಬಿಡುತ್ತೇವೆ. ಒಬ್ಬ ಹುಡುಗನನ್ನು ಮಧ್ಯದಲ್ಲಿ ನಿಲ್ಲಿಸಿ, ಆಮೇಲೆ ಬರೆಯಿರಿ.

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಹುಡುಗ ಎಂದುಕೊಳ್ಳೋಣ. ಹನ್ನೊಂದು ವರ್ಷ. ಅಪ್ಪ ಅಮ್ಮ ಇಬ್ಬರೂ ಬೆಳಕು ಹರಿಯುವ ಮೊದಲೇ ಟ್ರೈನ್ ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ವಾಪಸ್ ಬರುವುದು ಕತ್ತಲಾದ ಮೇಲೆ. ಮನೆಯಲ್ಲಿ ಅಜ್ಜಿ ತಾತ.

ಅವನು ನೇರವಾಗಿ ಮುಟ್ಟಿ ಬದುಕುವ ಜಾಗಗಳು, ಅಂದರೆ ಅಜ್ಜಿ, ಕ್ಲಾಸು, ಬೀದಿಯ ಕ್ರಿಕೆಟ್ ಹುಡುಗರು, ಇದು ಮೈಕ್ರೋ. ಈ ಜಾಗಗಳು ಒಂದಕ್ಕೊಂದು ಮಾತಾಡುವ ರೀತಿ ಮೀಸೋ. ಪೋಷಕರ ಸಭೆ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಈ ಮನೆಯಿಂದ ಯಾರೂ ಬರುವುದಿಲ್ಲ. ಅಜ್ಜಿ ಬಂದರೂ ಅವರಿಗೆ ತಮಿಳು ಮಾತ್ರ ಬರುತ್ತದೆ, ಟೀಚರ್ ಕನ್ನಡದಲ್ಲಿ ಹೇಳುತ್ತಾರೆ. ಮನೆಗೂ ಶಾಲೆಗೂ ನಡುವಿನ ದಾರವೇ ಕಡಿದುಹೋಗಿದೆ. ಎಕ್ಸೋ ಎಂದರೆ ಹುಡುಗ ಎಂದೂ ಕಾಲಿಡದ, ಆದರೆ ಅವನ ದಿನವನ್ನೇ ಬದಲಿಸುವ ಜಾಗ. ಅಪ್ಪನ ಕೆಲಸದ ಶಿಫ್ಟ್ ಚಾರ್ಟ್, ರೈಲಿನ ಟೈಮಿಂಗ್. ಟ್ರೈನ್ ಒಂದು ಗಂಟೆ ತಡವಾದರೆ ಹುಡುಗ ಅಪ್ಪನ ಮುಖ ನೋಡದೇ ಮಲಗುತ್ತಾನೆ. ಮ್ಯಾಕ್ರೋ ಎಂದರೆ ಎಲ್ಲರ ತಲೆಯೊಳಗೂ ಕೂತಿರುವ ನಂಬಿಕೆ, ಕಾನೂನು, ಜಾತಿ. "ಗಂಡು ಹುಡುಗ ಅಳ್ತಾನಾ?" ಎನ್ನುವ ಮಾತೂ ಅದರಲ್ಲೇ ಬರುತ್ತದೆ.

ಬ್ರಾನ್‌ಫೆನ್‌ಬ್ರೆನ್ನರ್ ಈ ನಾಲ್ಕನ್ನು 1979ರಲ್ಲಿ ಹೇಳಿ, ಕಾಲ ಎಂಬ ಐದನೆಯದನ್ನು ಆಮೇಲೆ ಸೇರಿಸಿದರು. ಕೆಜಿಎಫ್‌ನಲ್ಲಿ ಫೀಲ್ಡ್ ವರ್ಕ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು ಅದು. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ನಮ್ಮ ಹುಡುಗ ಹುಟ್ಟಿದ್ದು ಅದಾದ ಎಷ್ಟೋ ವರ್ಷಕ್ಕೆ. ಆದರೂ ಆ ದಿನ ಅವನ ಮನೆಯಲ್ಲೇ ಇದೆ. ತಾತನ ಕೆಮ್ಮಿನಲ್ಲಿದೆ. ಅಪ್ಪ ದಿನಾ ಟ್ರೈನ್ ಹತ್ತುವುದರಲ್ಲಿದೆ. "ನಮ್ಮೂರಲ್ಲಿ ಏನೂ ಇಲ್ಲ, ಓದಿ ಹೊರಗೆ ಹೋಗು" ಎಂಬ ಅಜ್ಜಿಯ ಮಾತಿನಲ್ಲಿದೆ.

ಇಷ್ಟು ನೋಡಿದ ಮೇಲೂ "ಹೋಂವರ್ಕ್ ಮಾಡಲ್ಲ, ಮನೆಯವರಿಗೆ ಕಾಳಜಿ ಇಲ್ಲ" ಎಂದು ಬರೆಯಲು ಕೈ ಬರುತ್ತದಾ?

ಮನುಷ್ಯ ಬೆಳೆಯೋದಕ್ಕೆ ಮನಶ್ಶಾಸ್ತ್ರಜ್ಞ ಎರಿಕ್ಸನ್ ಎಂಟು ಹಂತ ಹೇಳಿದ್ದಾರೆ. ನಮ್ಮ ಹಳ್ಳಿಗೆ ಅದು ಹೊಂದುತ್ತಾ?

ಸ್ವಲ್ಪ ಹೊಂದುತ್ತದೆ, ಸ್ವಲ್ಪ ಹೊಂದುವುದಿಲ್ಲ. ಶಿಡ್ಲಘಟ್ಟ ಕಡೆಯ ವಿದ್ಯಾರ್ಥಿಗಳಿಗೆ ನಾನು ರೇಷ್ಮೆ ಹುಳು ತೋರಿಸಿ ಇದನ್ನು ಹೇಳುತ್ತೇನೆ. ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಜ್ವರಕ್ಕೆ ಕೂರುತ್ತದೆ (ಪೊರೆ ಬಿಡುವುದಕ್ಕೆ ಹುಳು ಸಾಕುವವರು ಹೇಳುವ ಮಾತು). ಜ್ವರಕ್ಕೆ ಕೂತಾಗ ಸೊಪ್ಪು ಹಾಕಿದರೂ ತಿನ್ನುವುದಿಲ್ಲ, ತಲೆ ಎತ್ತಿ ಸುಮ್ನೆ ಇರುತ್ತದೆ. ಹಳೇ ಚರ್ಮ ಬಿಟ್ಟು ಎದ್ದ ಮೇಲೆ ಮತ್ತೆ ತಿನ್ನುತ್ತದೆ. ಹುಳು ಸಾಕುವ ಅಮ್ಮಂದಿರಿಗೆ ಇದು ಗೊತ್ತು. ಜ್ವರದಲ್ಲಿರುವ ಹುಳುವನ್ನು ಯಾರೂ ಬೈಯುವುದಿಲ್ಲ, ಕದಲಿಸುವುದಿಲ್ಲ. 1950ರಲ್ಲಿ ಎರಿಕ್ ಎರಿಕ್ಸನ್ ಮನುಷ್ಯರ ಬಗ್ಗೆ ಹೇಳಿದ್ದೂ ಇದಕ್ಕೆ ಹತ್ತಿರವೇ. ಒಂದು ಹಂತದಿಂದ ಇನ್ನೊಂದಕ್ಕೆ ದಾಟುವಾಗ ಒಂದು ಇಕ್ಕಟ್ಟು ಇರುತ್ತದೆ. ಹದಿಹರೆಯದಲ್ಲಿ "ನಾನು ಯಾರು" ಎಂಬ ಇಕ್ಕಟ್ಟು. ಆ ಹೊತ್ತಲ್ಲಿ ಮಗು ಮುದುಡಿ ಕೂತರೆ ಅದನ್ನು ರೋಗ ಎನ್ನಬಾರದು.

ಹೊಂದದೇ ಇರುವುದು ಎಲ್ಲಿ? ಹುಳುವಿಗೆ ಹೆಚ್ಚು ಕಡಿಮೆ ದಿನ ಲೆಕ್ಕ ಇದೆ, ಮನುಷ್ಯರಿಗೆ ಇಲ್ಲ. ಹದಿನಾರಕ್ಕೆ ಮದುವೆಯಾಗಿ ಹದಿನೇಳಕ್ಕೆ ಮಗು ಎತ್ತಿಕೊಂಡ ಹುಡುಗಿಗೆ "ನಾನು ಯಾರು" ಎಂದು ಕೇಳಿಕೊಳ್ಳಲು ಯಾರು ಬಿಡುವು ಕೊಟ್ಟರು? ಅವಳು ಆ ಪ್ರಶ್ನೆ ಕೇಳಿಕೊಳ್ಳುವುದು ಮೂವತ್ತೈದಕ್ಕೆ, ಮಕ್ಕಳು ಕಾಲೇಜಿಗೆ ಹೋದ ಮೇಲೆ, ಯಾವುದೋ ಸಂಘದ ಮೀಟಿಂಗಲ್ಲಿ. ಜೊತೆಗೆ, ಪುಸ್ತಕದ ಪಟ್ಟಿ "ನಾನು" ಎಂಬಲ್ಲಿಂದ ಶುರುವಾಗುತ್ತದೆ. ನಮ್ಮ ಮನೆಗಳಲ್ಲಿ ಇನ್ನೂ "ನಾವು" ಜಾಸ್ತಿ. ಪಟ್ಟಿಯನ್ನು ಟಾರ್ಚಿನ ಹಾಗೆ ಬಳಸಿ, ಅಳತೆ ಟೇಪಿನ ಹಾಗಲ್ಲ.

ಮನೆ ಭೇಟಿಗೆ ಹೋದಾಗ ಏನು ನೋಡಬೇಕು? ಹೋಗಿ ಪ್ರಶ್ನೆ ಕೇಳಿ ಬರ್ತೀವಿ, ಏನೂ ಸಿಗಲ್ಲ.

ಪ್ರಶ್ನೆ ಜಾಸ್ತಿ ಆಗಿರುತ್ತದೆ, ಅದಕ್ಕೇ ಸಿಗುವುದಿಲ್ಲ. ಮೊದಲ ಹತ್ತು ನಿಮಿಷ ನೋಟ್ ಪುಸ್ತಕ ಬ್ಯಾಗಲ್ಲೇ ಇರಲಿ. ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಟ ದಿನ ಹೋಗಬೇಡಿ, ಇಡೀ ಮನೆ ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ) ಮುಂದೆ ಇರುತ್ತದೆ. ಟೊಮೆಟೊ ಕೀಳುವ ದಿನವೂ ಬೇಡ. ಹೋಗಿ "ಸಹಕರಿಸಲಿಲ್ಲ" ಎಂದು ಬರೆದುಕೊಂಡು ಬರುವುದಕ್ಕಿಂತ ಹಿಂದಿನ ದಿನ ಫೋನ್ ಮಾಡಿ ಕೇಳುವುದು ಮೇಲು.

ಕಣ್ಣಿಗೆ ಕೆಲಸ ಕೊಡಿ. ಬಿಂದಿಗೆಗಳು ಎಷ್ಟಿವೆ, ನೀರು ತುಂಬಿವೆಯಾ? ಮಾತ್ರೆ ಎಲ್ಲಿಟ್ಟಿದ್ದಾರೆ, ಯಾರದು? ಮಗುವಿನ ಪುಸ್ತಕಕ್ಕೆ ಒಂದು ಜಾಗ ಇದೆಯಾ? ನೀವು ಪ್ರಶ್ನೆ ಕೇಳಿದಾಗ ಉತ್ತರ ಕೊಡುವ ಮುಂಚೆ ಯಾರು ಯಾರ ಮುಖ ನೋಡುತ್ತಾರೆ?

ಬಂಗಾರಪೇಟೆ ತಾಲ್ಲೂಕಿನ ಒಂದು ಮನೆಯಲ್ಲಿ ಗೋಡೆ ಮೇಲೆ ಕ್ಯಾಲೆಂಡರ್ ಇತ್ತು. ಪ್ರತಿ ಮಂಗಳವಾರಕ್ಕೂ ನೀಲಿ ಪೆನ್ನಿನಲ್ಲಿ ಸುತ್ತು, ಪ್ರತಿ ಗುರುವಾರಕ್ಕೂ ಕೆಂಪು ಪೆನ್ನಿನಲ್ಲಿ. ಹಬ್ಬಕ್ಕಿರಬಹುದು, ವ್ರತಕ್ಕಿರಬಹುದು ಎಂದುಕೊಂಡಿದ್ದ ನಮ್ಮ ಹುಡುಗ. ಅದು ಎರಡು ಬೇರೆ ಬೇರೆ ಸಾಲದ ಕಂತಿನ ದಿನ. ಆ ಮನೆಯ ಮಗ ಶಾಲೆಗೆ ತಪ್ಪಿಸುತ್ತಿದ್ದದ್ದೂ ಮಂಗಳವಾರ, ಗುರುವಾರವೇ. ಕಂತಿನವರು ಬಂದು ಬಾಗಿಲಲ್ಲಿ ಕೂತಾಗ ಅಮ್ಮ ಒಬ್ಬಳೇ ಇರಬಾರದು ಎಂದು ಅವನು ಮನೆಯಲ್ಲಿ ಉಳಿಯುತ್ತಿದ್ದ. ಹನ್ನೆರಡು ವರ್ಷದ ಮಗು ತಾನೇ ಮಾಡಿದ ತೀರ್ಮಾನ ಅದು. ಈ ತರದ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದೇ ಕಾಯ್ದೆಯಾಯಿತು. ಅದನ್ನು ಓದಿಟ್ಟುಕೊಳ್ಳಿ, ಫೀಲ್ಡಲ್ಲಿ ಬೇಕಾಗುತ್ತದೆ.

ಜೀನೋಗ್ರಾಂ, ಇಕೋಮ್ಯಾಪ್ ಬರೆಯೋದು ಹೇಗೆ?

ಜೀನೋಗ್ರಾಂ ಮೂರು ತಲೆಮಾರಿನ ವಂಶದ ಚಿತ್ರ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ತೀರಿಕೊಂಡವರಿಗೆ ಒಳಗೆ ಎಕ್ಸ್ ಆಕಾರದ ಅಡ್ಡಗೆರೆಗಳು. ಒಂದು ಎಚ್ಚರ. ಪುಸ್ತಕದ ಮಾದರಿಯಲ್ಲಿ ಅಪ್ಪನ ಕಡೆ, ಅಮ್ಮನ ಕಡೆ ಬೇರೆ ಬೇರೆ ಇರುತ್ತವೆ. ನಮ್ಮಲ್ಲಿ ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡುವುದು ಇದೆ. ಆಗ ಎರಡೂ ಕಡೆ ಒಂದಾಗುತ್ತವೆ. ಅಂಥ ಮದುವೆಗೆ ಎರಡು ಗೆರೆ ಎಳೆಯಿರಿ. ಅದು ಬರೀ ಚಿತ್ರದ ನಿಯಮ ಅಲ್ಲ. ಗಂಡನ ಜೊತೆ ಜಗಳವಾದರೆ ಅವಳಿಗೆ ಹೋಗಲು ತವರು ಮನೆ ಎಂಬುದೇ ಬೇರೆ ಇಲ್ಲ ಎಂದು ಆ ಎರಡು ಗೆರೆ ಹೇಳುತ್ತದೆ.

ಇಕೋಮ್ಯಾಪನ್ನು ಆನ್ ಹಾರ್ಟ್ಮನ್ 1970ರ ದಶಕದಲ್ಲಿ ರೂಪಿಸಿದರು. ಮನೆಯನ್ನು ಮಧ್ಯದಲ್ಲಿಟ್ಟು ಸುತ್ತ ಶಾಲೆ, ಅಂಗನವಾಡಿ, ಆಶಾ ಕಾರ್ಯಕರ್ತೆ, ರೇಷನ್ ಅಂಗಡಿ, ಡೇರಿ, ಸಂಘ, ದೇವಸ್ಥಾನ, ಸಾಲ ಕೊಟ್ಟವರು, ಎಲ್ಲವನ್ನೂ ಬರೆಯಿರಿ. ಗಟ್ಟಿ ಸಂಬಂಧಕ್ಕೆ ದಪ್ಪ ಗೆರೆ, ತೆಳುವಾದದ್ದಕ್ಕೆ ಚುಕ್ಕೆ ಗೆರೆ, ತಿಕ್ಕಾಟ ಇರುವಲ್ಲಿ ಅಂಕುಡೊಂಕು ಗೆರೆ. ಮನೆಯವರ ಮುಂದೆಯೇ, ಅವರ ಕೈಯಲ್ಲೇ ಬರೆಸಿ. ಒಬ್ಬ ತಾಯಿ ಹಾಲಿನ ಡೇರಿಗೆ ಎಲ್ಲಕ್ಕಿಂತ ದಪ್ಪ ಗೆರೆ ಎಳೆದರು. ಹದಿನೈದು ದಿನಕ್ಕೊಮ್ಮೆ ತಪ್ಪದೇ ದುಡ್ಡು ಬರುವ, ತನ್ನ ಹೆಸರಲ್ಲೇ ಬರುವ ಒಂದೇ ಜಾಗ ಅದು. ನಾವು ಆಫೀಸಲ್ಲಿ ಕೂತು ಬರೆದಿದ್ದರೆ ಡೇರಿಯನ್ನು ಹಾಕುತ್ತಲೇ ಇರಲಿಲ್ಲ.

ಜಾತಿ ಕೇಳಬಹುದಾ? ಕೇಳಿದ್ರೆ ತಪ್ಪು ತಿಳ್ಕೊಳ್ಳಲ್ವಾ?

ಬಾಗಿಲಲ್ಲಿ ನಿಂತು ಕೇಳಿದರೆ ಖಂಡಿತ ನೋವಾಗುತ್ತದೆ. ಆದರೆ ಜಾತಿ ಬಿಟ್ಟು ನಮ್ಮ ಸಾಮಾಜಿಕ ಪರಿಸರ ಅರ್ಥ ಮಾಡಿಕೊಳ್ಳುತ್ತೇನೆ ಎಂದರೆ ಅದು ಆಗದ ಮಾತು. ನೀವು ಕೇಳುವ ಮುಂಚೆಯೇ ಊರಿನ ನಕ್ಷೆ ಹೇಳುತ್ತದೆ. ಊರು ಎಲ್ಲಿ ಮುಗಿಯುತ್ತದೆ, ಕಾಲೋನಿ ಎಲ್ಲಿ ಶುರುವಾಗುತ್ತದೆ? ಓವರ್‌ಹೆಡ್ ಟ್ಯಾಂಕ್ ಯಾವ ಕಡೆ ಇದೆ? ಸಭೆಯಲ್ಲಿ ಯಾರು ಕುರ್ಚಿಯಲ್ಲಿ, ಯಾರು ಕಟ್ಟೆ ಕೆಳಗೆ? 2000ನೇ ಇಸವಿ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಆಗ ಅದು ಕೋಲಾರ ಜಿಲ್ಲೆ. ಈ ಕಡೆ ಸಮಾಜಕಾರ್ಯ ಓದುವವರಿಗೆ ಇದು ಗೊತ್ತಿರಲೇಬೇಕು ಎಂಬುದು ನನ್ನ ಪಟ್ಟು. ಕಾಲೋನಿಯ ಹಿರಿಯರು ಹೊಸಬರ ಮುಂದೆ ಮಾತು ಅಳೆದು ಆಡುತ್ತಾರೆ ಎಂದರೆ ಅದನ್ನು "ಸಂಕೋಚ ಸ್ವಭಾವ" ಎಂದು ಬರೆಯಬೇಡಿ. ಅವರು ನೆನಪಿಟ್ಟುಕೊಂಡಿದ್ದಾರೆ.

ಇನ್ನೊಂದು. ನಿಮ್ಮ ಜಾತಿಯೂ ನಿಮ್ಮ ಜೊತೆ ಆ ಮನೆಯೊಳಗೆ ಹೋಗುತ್ತದೆ. ಅವರು ನಿಮ್ಮ ಹೆಸರು, ಊರು, ಬೀದಿ ಕೇಳುವುದು ಅದಕ್ಕೇ. ಅದನ್ನು ಮೊದಲು ನಿಮ್ಮ ಡೈರಿಯಲ್ಲಿ ಬರೆಯಿರಿ.

ಮನೆಯವರು ತೆಲುಗಲ್ಲಿ ಮಾತಾಡ್ತಾರೆ, ನನಗೆ ಅರ್ಧ ಅರ್ಥ ಆಗುತ್ತೆ. ಕನ್ನಡದಲ್ಲೇ ಕೇಳಬಹುದಾ?

ವಿಳಾಸ, ವಯಸ್ಸು ಕೇಳಲು ಕನ್ನಡ ಸಾಕು. ನೋವು ಹೇಳುವಾಗ ಜನ ಮನೆ ಭಾಷೆಗೆ ಹೋಗುತ್ತಾರೆ. ಬಾಗೇಪಲ್ಲಿ, ಶ್ರೀನಿವಾಸಪುರ ಕಡೆ ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲರ್‌ಗಳ ಮನೆಯಲ್ಲಿ ಉರ್ದು. ಅವರು ಆಡಿದ ಮಾತನ್ನು ಹಾಗೇ ಬರೆದುಕೊಂಡು ಆಮೇಲೆ ಯಾರಿಂದಾದರೂ ಅರ್ಥ ಕೇಳಿ. ದಯವಿಟ್ಟು ಆ ಮನೆಯ ಮಗುವನ್ನೇ ಅನುವಾದಕ್ಕೆ ಕೂರಿಸಬೇಡಿ. ಅಪ್ಪ ಹೊಡೆಯುವುದನ್ನು ಅಮ್ಮ ಹೇಳುತ್ತಿದ್ದರೆ, ಮಗು ಅದನ್ನು ಕನ್ನಡಕ್ಕೆ ತಿರುಗಿಸಬೇಕಾ?

ಎಲ್ಲಕ್ಕೂ ಪರಿಸರವೇ ಕಾರಣ ಅಂದ್ರೆ, ಕುಡಿದು ಹೆಂಡತಿಗೆ ಹೊಡೆಯೋನು ತಪ್ಪಿಸ್ಕೊಂಡ ಹಾಗೆ ಆಗಲ್ವಾ?

ಈ ಪ್ರಶ್ನೆ ಕೇಳಿದ ಹುಡುಗಿಗೆ ನಾನು ತರಗತಿಯಲ್ಲೇ ಥ್ಯಾಂಕ್ಸ್ ಹೇಳಿದೆ. ಬಹಳ ಜನ ಎಡವುವುದು ಇಲ್ಲೇ.

ಕಾರಣ ತಿಳಿಯುವುದು ಬೇರೆ, ಕ್ಷಮಿಸುವುದು ಬೇರೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೇರೆ ಎಷ್ಟೋ ಸಲ ಕಿತ್ತ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದಿದ್ದಾರೆ. ಇಂಥ ಬೆಳೆ ನಂಬಿದ ಮನೆಯಲ್ಲಿ ಒತ್ತಡ ಇರುತ್ತದೆ, ಕುಡಿತ ಹೆಚ್ಚುತ್ತದೆ, ಇದನ್ನು ನೋಡಬೇಕು. ಆದರೆ ರೇಟು ಬಿದ್ದದ್ದು ಊರಿಗೆಲ್ಲಾ. ಎಲ್ಲರೂ ಹೆಂಡತಿಗೆ ಹೊಡೆಯಲಿಲ್ಲ. ಅದೇ ಮನುಷ್ಯ ಮಂಡಿಯಲ್ಲಿ ಏಜೆಂಟಿಗೆ ಕೈ ಎತ್ತುವುದಿಲ್ಲ, ಮನೆಗೆ ಬಂದು ಎತ್ತುತ್ತಾನೆ. ಯಾರಿಗೆ ಹೊಡೆದರೆ ನಡೆಯುತ್ತದೆ ಎಂದು ಅವನಿಗೆ ಗೊತ್ತು. ಅದನ್ನು ಕಲಿಸಿದ್ದೂ ಪರಿಸರವೇ, ಆದರೆ ಕೈ ಅವನದು. ಮೊದಲು ಅವಳ, ಮಕ್ಕಳ ಸುರಕ್ಷತೆ ನೋಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ರಕ್ಷಣಾಧಿಕಾರಿ. ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112. ಅವನ ಕುಡಿತದ ಚಿಕಿತ್ಸೆ, ಸಾಲದ ದಾರಿ ಆಮೇಲೆ, ಆದರೆ ಅದನ್ನೂ ಬಿಡಬೇಡಿ.

ಮೈಮೇಲೆ ದೇವರು ಬರುತ್ತೆ, ಗಾಳಿ ಸೋಕಿದೆ ಅಂತಾರೆ. ಮೂಢನಂಬಿಕೆ ಅಂತ ಹೇಳಬೇಕಾ?

ಮೊದಲ ದಿನವೇ ಹಾಗೆ ಹೇಳಿದರೆ ಎರಡನೇ ದಿನ ಬಾಗಿಲು ತೆಗೆಯುವುದಿಲ್ಲ. ಚಿಂತಾಮಣಿ ಹತ್ತಿರದ ಮುರುಗಮಲ್ಲ ದರ್ಗಾಕ್ಕೆ ಎಲ್ಲ ಜಾತಿ, ಧರ್ಮದವರೂ ಹೋಗುತ್ತಾರೆ. ದಾರಿ ಕಾಣದೇ ಹೋದಾಗ ಅಲ್ಲಿ ಅವರಿಗೆ ಒಂದು ನೆರಳು ಸಿಗುತ್ತದೆ. ಅದನ್ನು ಕಿತ್ತುಕೊಳ್ಳುವುದು ನಮ್ಮ ಕೆಲಸ ಅಲ್ಲ. "ಹರಕೆ ಇರಲಿ, ಜೊತೆಗೆ ಮಾತ್ರೆಯೂ ಇರಲಿ" ಎಂದರೆ ಮನೆಯವರು ಕೇಳುತ್ತಾರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.

ಒಂದು ಕಡೆ ಮಾತ್ರ ರಾಜಿ ಬೇಡ. ಕಟ್ಟಿ ಹಾಕಿದ್ದರೆ, ಹೊಡೆಯುತ್ತಿದ್ದರೆ, ಉಪವಾಸ ಕೆಡವಿದ್ದರೆ ಸುಮ್ಮನಿರಬಾರದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿದ್ದ 28 ಜನ ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ.

ಫೀಲ್ಡ್‌ನಲ್ಲಿ ಬಾಲ್ಯವಿವಾಹ, ಮಗುವಿನ ಮೇಲಿನ ದೌರ್ಜನ್ಯ ಗೊತ್ತಾದರೆ ಗುಟ್ಟು ಕಾಪಾಡಬೇಕಾ?

ಇಲ್ಲ. "ನೀವು ಹೇಳಿದ್ದು ನನ್ನಲ್ಲೇ ಇರುತ್ತೆ, ಆದರೆ ಜೀವಕ್ಕೆ ಅಪಾಯ ಇದ್ದರೆ ಹೇಳಲೇಬೇಕಾಗುತ್ತೆ" ಎಂದು ಮೊದಲೇ ತಿಳಿಸಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಯಾರಿಗೇ ಆದರೂ ಕಡ್ಡಾಯ, ವಿದ್ಯಾರ್ಥಿಗೂ ಸಹ. ಹುಡುಗಿಗೆ 18, ಹುಡುಗನಿಗೆ 21 ತುಂಬದ ಮದುವೆ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ನೀವೊಬ್ಬರೇ ಹೋಗಿ ಮದುವೆ ನಿಲ್ಲಿಸಲು ನೋಡಬೇಡಿ. ಅದೇ ದಿನ ಮೇಲ್ವಿಚಾರಕರಿಗೆ ಹೇಳಿ.

ರಿಪೋರ್ಟ್ ಬರೆಯುವಾಗ ನೀವು ಯಾಕೆ ಅಷ್ಟು ಕೆಂಪು ಗೆರೆ ಹಾಕ್ತೀರಿ?

ಯಾಕೆಂದರೆ ಆ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಬುದ್ಧಿ ಬೆಳವಣಿಗೆ ನಿಧಾನವಾಗಿದ್ದ ಒಂದು ಮಗುವಿನ ತಾಯಿ ಮೂರು ಸಲ ಕರೆದರೂ ಬರಲಿಲ್ಲ. "ತಾಯಿಗೆ ಮಗುವಿನ ಬಗ್ಗೆ ಆಸಕ್ತಿ ಇಲ್ಲ" ಎಂದು ಬರೆದು ಸಹಿ ಹಾಕಿದೆ. ತಿಂಗಳಾದ ಮೇಲೆ ಅವರ ಮನೆಗೆ ಹೋದೆ. ಆ ತಾಯಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ಒಂದು ದಿನ ರಜೆ ಹಾಕಿದರೆ ಸಂಬಳದ ಜೊತೆ ಹಾಜರಾತಿಯ ಬೋನಸ್ಸೂ ಹೋಗುತ್ತಿತ್ತು. ಆ ಬೋನಸ್ಸಲ್ಲೇ ಮಗುವಿನ ಮಾತ್ರೆ ತರುತ್ತಿದ್ದರು. ನಾನು ಬರೆದ ಸಾಲು ಅಷ್ಟೊತ್ತಿಗೆ ಎರಡು ಫೈಲಿಗೆ ಕಾಪಿ ಆಗಿತ್ತು. ಒಂದರಲ್ಲಿ ತಿದ್ದಿಸಿದೆ, ಇನ್ನೊಂದು ಸಿಗಲಿಲ್ಲ. ಇವತ್ತಿಗೂ ಎಲ್ಲೋ ಒಂದು ಕಪಾಟಿನಲ್ಲಿ ಆ ತಾಯಿ ಬಗ್ಗೆ ಆ ಸುಳ್ಳು ಇದೆ.

ಅದಕ್ಕೇ ಕೆಂಪು ಗೆರೆ. "ಸೋಮಾರಿ", "ಹಠಮಾರಿ", "ಸಹಕರಿಸಲಿಲ್ಲ", "ಒಡೆದ ಕುಟುಂಬ" ಎಂದು ಬರೆಯಬೇಡಿ. ಕಂಡದ್ದು ಬರೆಯಿರಿ. "ಮೂರು ಸಲ ಕರೆದೆವು, ಮೂರೂ ಸಲ ಕೆಲಸದ ದಿನ, ಬರಲಾಗಲಿಲ್ಲ." ಇಷ್ಟು ಬರೆದಿದ್ದರೆ ನಾಲ್ಕನೇ ಸಲ ಭಾನುವಾರ ಕರೆಯಬೇಕು ಎಂದು ನನಗೇ ಹೊಳೆಯುತ್ತಿತ್ತು.

ಕಷ್ಟಗಳನ್ನೇ ಹುಡುಕಬೇಕಾ? ಒಳ್ಳೇದು ಏನೂ ಬರೆಯೋ ಹಾಗಿಲ್ವಾ?

ಬರೆಯಲೇಬೇಕು. ಡೇರಿಗೆ ದಪ್ಪ ಗೆರೆ ಎಳೆದ ತಾಯಿ, ಅಮ್ಮನ ಜೊತೆ ಬಾಗಿಲಲ್ಲಿ ಕೂತ ಹುಡುಗ, ಇವರಲ್ಲಿ ಇರುವ ಬಲ ನಿಮ್ಮ ಅಸೆಸ್‌ಮೆಂಟಿನ ಮೊದಲ ಪುಟದಲ್ಲಿ ಬರಲಿ. ಊರಿಗೂ ಬಲ ಇರುತ್ತದೆ. ಕೆರೆ ಹೂಳೆತ್ತಿದ ಯುವಕರು, ಭಜನೆ ತಂಡ, ಕೋಲಾಟದವರು, ಹೆರಿಗೆ ಮಾಡಿಸುತ್ತಿದ್ದ ಅಜ್ಜಿ, ಇವರೆಲ್ಲ ಇಕೋಮ್ಯಾಪಿನಲ್ಲಿ ಇರಬೇಕು.

ಪರೀಕ್ಷೆಗೆ ಹೇಗೆ ಓದಬೇಕು?

ಸಿದ್ಧಾಂತ ಒಂದು ಪ್ಯಾರಾ, ನಿಮ್ಮ ಫೀಲ್ಡ್ ವರ್ಕಿನ ಉದಾಹರಣೆ ಎರಡು ಪ್ಯಾರಾ. ಹೆಸರು, ಇಸವಿ ಸರಿಯಾಗಿರಲಿ.

ಮನೆಗೆ ಬಂದ ಮೇಲೂ ಆ ಮಕ್ಕಳೇ ಕಣ್ಣ ಮುಂದೆ ಬರ್ತಾರೆ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ವಾ?

ಬರುವುದಿಲ್ಲ ಎಂದಿದ್ದರೆ ನನಗೆ ಚಿಂತೆಯಾಗುತ್ತಿತ್ತು. ಆದರೆ ಒಬ್ಬರೇ ಹೊರಬೇಡಿ. ವಾರದ ಮೇಲ್ವಿಚಾರಣೆ ಇರುವುದು ಸಹಿ ಹಾಕಿಸಲು ಮಾತ್ರ ಅಲ್ಲ, ಇದನ್ನು ಹೇಳಿಕೊಳ್ಳಲು. ಕೆಲವು ಮನೆಗಳು ಸುಡುವುದು ಅವು ನಮ್ಮ ಮನೆಯ ಹಾಗೇ ಇರುವುದರಿಂದ. ಅಪ್ಪ ಕುಡಿಯುವ ಮನೆಯಿಂದ ಬಂದ ವಿದ್ಯಾರ್ಥಿಗೆ ಅಂಥದ್ದೇ ಕೇಸ್ ಬಂದರೆ ನನಗೆ ಬಂದು ಹೇಳಲಿ, ಬೇರೆಯವರಿಗೆ ಕೊಡುತ್ತೇನೆ. ಅದರಲ್ಲಿ ಸೋಲು ಏನೂ ಇಲ್ಲ. ನಿದ್ದೆ ಹೋದರೆ, ಊಟ ಸೇರದಿದ್ದರೆ, ಮೇಲೆ ಹೇಳಿದ 14416 ನಿಮಗೂ ಇರುವುದೇ.

ಮನೆ ಭೇಟಿಯಲ್ಲಿ ಟೀ, ನೀರು ಕೊಟ್ರೆ ತಗೋಬಹುದಾ? ಪುಸ್ತಕದಲ್ಲಿ ದೂರ ಇಟ್ಕೋಬೇಕು ಅಂತಿದೆ.

ತಗೊಳ್ಳಿ. ಉಡುಗೊರೆ, ದುಡ್ಡು, ಮನೆಗೆ ಕಟ್ಟಿ ಕೊಡುವ ಅವರೆಕಾಯಿ ಬೇಡ, ನಗುತ್ತಲೇ ಬೇಡ ಎನ್ನಿ. ಆದರೆ ಕೊಟ್ಟ ನೀರು ಕುಡಿಯದೇ ಬಂದರೆ, ಅದರಲ್ಲೂ ಕಾಲೋನಿಯ ಮನೆಯಲ್ಲಿ, ಅವರು ಅದನ್ನು ಬೇರೆಯೇ ಅರ್ಥದಲ್ಲಿ ತಗೊಳ್ಳುತ್ತಾರೆ. ಹಾಗೆ ತಗೊಳ್ಳಲು ಅವರಿಗೆ ಕಾರಣವೂ ಇದೆ. ಬ್ಯಾಗಿನಿಂದ ನಿಮ್ಮ ಬಾಟಲಿ ತೆಗೆದು ಅವರ ಮುಂದೆ ಕುಡಿಯಬೇಡಿ. ಒಂದು ಲೋಟ ಬೋರ್ ನೀರಿನಿಂದ ನಿಮ್ಮ ಹಲ್ಲಿಗೆ ಏನೂ ಆಗುವುದಿಲ್ಲ. ಕುಡಿದು, ಲೋಟ ಕೆಳಗಿಟ್ಟು, ಈ ನೀರು ಎಲ್ಲಿಂದ ತರುತ್ತೀರಿ, ಯಾರು ತರುತ್ತಾರೆ ಎಂದು ಕೇಳಿ.